ಚೈನ್ ಡೋಜರನ್ನು ಮೇಲೆತ್ತಿ ಕೆಳಗಿನ ರೋಲರ್ ಬದಲಿಸುವ ಸುರಕ್ಷಿತ ಕ್ರಮ ಯಾವುದು?

ಪ್ರಶ್ನೆ – ಬೆಳೆಗಾರ, ಸೋಮವಾರಪೇಟೆ

ಮಾನ್ಯರೇ, ನಮ್ಮ ತೋಟದಲ್ಲಿ ರಸ್ತೆ ಕೆಲಸಕ್ಕೆ ಬಳಸುವ, ಸುಮಾರು 8 ಟನ್ ತೂಕದ ಹಳೆಯ ಚೈನ್ ಡೋಜರಿನ ಎಡಬದಿಯಲ್ಲಿ ಚೈನಿನ ಮೇಲೆ ಉರುಳುತ್ತಾ ಯಂತ್ರದ ಭಾರ ಹೊರುವ ಎರಡು ಕೆಳ ರೋಲರ್‌ಗಳಿಂದ ಎಣ್ಣೆ ಸೋರುತ್ತಿದೆ. ಮಳೆ ಹಿಡಿಯುವ ಮೊದಲು ಅವನ್ನು ಬದಲಿಸಬೇಕಾಗಿದೆ. ಬ್ಲೇಡನ್ನು ನೆಲಕ್ಕೆ ಒತ್ತಿದರೆ ಮುಂಭಾಗ ತಾನಾಗಿ ಏಳುವುದರಿಂದ ಹಾಗೆಯೇ ಕೆಲಸ ಮುಗಿಸಬಹುದೆಂದು ಡ್ರೈವರ್ ಹೇಳುತ್ತಾರೆ. ಅವರನ್ನು ಅದರ ಅಡಿಗೆ ಕಳುಹಿಸಲು ನನಗೆ ಧೈರ್ಯವಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಮೆಕ್ಯಾನಿಕ್, ಗೋಣಿಕೊಪ್ಪ

ಖಂಡಿತ ಕಳುಹಿಸಬೇಡಿ ಸರ್. ಬ್ಲೇಡನ್ನು ಎತ್ತಿಳಿಸುವ ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಸವೆದಿದ್ದರೆ ಯಂತ್ರ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ, ಹೋಸ್ ಒಡೆದರೆ ಒಮ್ಮೆಲೇ ಕುಸಿಯುತ್ತದೆ, ಲಿವರಿಗೆ ಯಾರದಾದರೂ ಕೈ ತಾಗಿದರೂ ಅದೇ ಗತಿ. ಬ್ಲೇಡನ್ನಾಗಲಿ ಜಾಕನ್ನಾಗಲಿ ಎತ್ತುವುದಕ್ಕೆ ಮಾತ್ರ ನಂಬಬೇಕು. ಭಾರ ಹೊರಬೇಕಾದದ್ದು ಮರದ ದಿಮ್ಮಿಗಳು.

ಯಂತ್ರ ನೆಲದ ಮೇಲಿರುವಾಗಲೇ ಚೈನನ್ನು ಸಡಿಲಿಸಿಕೊಳ್ಳಿ. ಆಗ ಯಂತ್ರ ಎದ್ದರೂ ಚೈನ್ ನೆಲದಲ್ಲೇ ಉಳಿದು, ರೋಲರನ್ನು ಪಕ್ಕಕ್ಕೆ ಜಾರಿಸಿ ತೆಗೆಯುವಷ್ಟು ಎಡೆ ಸಿಗುತ್ತದೆ; ಹೆಚ್ಚು ಎತ್ತರಕ್ಕೆ ಎತ್ತುವ ಅಗತ್ಯವೇ ಬೀಳುವುದಿಲ್ಲ. ಬಲಬದಿಯ ಚೈನಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಸ್ವಲ್ಪ ಸ್ವಲ್ಪವೇ ಎತ್ತುತ್ತಾ, ಎತ್ತಿದಷ್ಟಕ್ಕೂ ಮುಖ್ಯ ಫ್ರೇಮಿನ ಅಡಿಗೆ ದಿಮ್ಮಿಗಳನ್ನು ಒಂದು ಸಾಲು ಉದ್ದಕ್ಕೆ, ಇನ್ನೊಂದು ಸಾಲು ಅಡ್ಡಕ್ಕೆ ಜೋಡಿಸಿ. ರೋಲರ್ ಕೂರುವ ಟ್ರ್ಯಾಕ್ ಫ್ರೇಮ್ ಮುಂಭಾಗದಲ್ಲಿ ಮೇಲೆ ಕೆಳಗೆ ಆಡುವ ಮಾದರಿಯಾಗಿದ್ದರೆ ಅದಕ್ಕೂ ಬೇರೆ ಆಧಾರ ಬೇಕು. ಕೊನೆಗೆ ಇಡೀ ಭಾರವನ್ನು ಮರದ ಮೇಲೆ ಇಳಿಸಿ, ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಕೇಬಲ್ ಕಳಚಿ, ಕೀಲಿಯನ್ನು ಅಡಿಗೆ ಹೋಗುವವರ ಜೇಬಿಗೇ ಕೊಡಿ. ಮತ್ತಿಯಂಥ ಗಟ್ಟಿಮರ ಮಿಲ್ಲಿನಲ್ಲಿ ಸಿಗುತ್ತದೆ. ತೋಟದಲ್ಲಿ ಕೈಗೆ ಸಿಗುತ್ತದೆಂದು ಸಿಲ್ವರ್ ಓಕ್ ತುಂಡುಗಳನ್ನೋ ಸಿಮೆಂಟ್ ಬ್ಲಾಕುಗಳನ್ನೋ ಇಡಬೇಡಿ. ಬ್ಲಾಕು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಕಾಫಿ ಒಣಗಿಸುವ ಕಣದ ಮೇಲೆ ನಿಲ್ಲಿಸಬಹುದೇ? ನಮ್ಮಲ್ಲಿ ಸಮತಟ್ಟಾದ ಜಾಗವೆಂದರೆ ಅದೊಂದೇ.

ಉತ್ತರ – ನಿವೃತ್ತ ವರ್ಕ್‌ಶಾಪ್ ಮೇಲ್ವಿಚಾರಕ, ಮಡಿಕೇರಿ

ಬೇಡ. ಕಣದ ತೆಳು ಕಾಂಕ್ರೀಟು ಕಾಫಿಯ ಭಾರಕ್ಕೆಂದು ಹಾಕಿದ್ದು. ಜಾಕಿನ ಅಂಗೈಯಗಲದ ತಳದಲ್ಲಿ ಟನ್ನುಗಟ್ಟಲೆ ಭಾರ ಕೂತರೆ ಅದು ಬಿರಿದು ಜಾಕ್ ವಾಲುತ್ತದೆ. ಲಾರಿಗಳು ಓಡಾಡಿ ಗಟ್ಟಿಯಾಗಿರುವ ಜಲ್ಲಿ ನೆಲವನ್ನು ಮಟ್ಟ ಮಾಡಿಸಿ, ಜಾಕಿಗೂ ದಿಮ್ಮಿಗಳಿಗೂ ಅಡಿಯಲ್ಲಿ ದಪ್ಪ ಹಲಗೆ ಹಾಸಿ. ಒಂದೆರಡು ಮಳೆ ಬಿದ್ದಿದ್ದರಂತೂ ನಮ್ಮ ಕೆಮ್ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಆದ್ದರಿಂದ ಭಾರ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ದಿಮ್ಮಿ ನೆಲಕ್ಕೆ ಇಳಿದಿದೆಯೇ ಎಂದು ನೋಡದೆ ಯಾರೂ ಅಡಿಗೆ ಹೋಗಬಾರದು.

ಚೈನ್ ಸಡಿಲಿಸುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಿಗಿತ ಗ್ರೀಸಿನಿಂದ ನಿಲ್ಲುವ ಮಾದರಿಯಾದರೆ ಒಳಗಿನ ಒತ್ತಡ ಭಯಂಕರವಾಗಿರುತ್ತದೆ. ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮುಖವನ್ನು ಅದರ ನೇರಕ್ಕೆ ತಾರದೆ, ಪಕ್ಕದಲ್ಲಿ ನಿಂತು ಬಿಚ್ಚಬೇಕು. ಚಿಮ್ಮಿದ ಗ್ರೀಸ್ ಚರ್ಮದೊಳಗೆ ಹೊಕ್ಕರೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಗ್ರೀಸ್ ಹೊಕ್ಕಿದೆ ಎಂದೇ ವೈದ್ಯರಿಗೆ ತಿಳಿಸಬೇಕು.