‘ಸ್ಮೆಲ್ಸ್ ಬ್ಯಾಡ್ಲಿ’ ಯಾಕೆ ತಪ್ಪು?

ಪ್ರಶ್ನೆ (ಕಾರವಾರ):
ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷಿನ ಲಿಂಕಿಂಗ್ ವರ್ಬ್ (ಕರ್ತೃವನ್ನು ಅದು ಏನು, ಹೇಗಿದೆ ಅನ್ನೋ ಪದಕ್ಕೆ ಜೋಡಿಸುವ ಕ್ರಿಯಾಪದ) ಹೇಳಿಕೊಡಬೇಕು. ಆಮ್, ಈಸ್, ಆರ್ ತನಕ ತೊಂದರೆ ಇಲ್ಲ. ‘ದ ಫಿಶ್ ಸ್ಮೆಲ್ಸ್ ಬ್ಯಾಡ್ಲಿ’ ಯಾಕೆ ತಪ್ಪು? ವರ್ಬ್ ಜೊತೆ ಅಡ್ವರ್ಬ್ ತಾನೇ ಬರಬೇಕು?

ಉತ್ತರ (ಶಿರಸಿ):
ಬ್ಯಾಡ್ಲಿ ಅಂದ್ರೆ ಬಂಗಡೆಗೆ ಸರಿಯಾಗಿ ಮೂಸೋಕೆ ಬರಲ್ಲ ಅಂತಾಗುತ್ತೆ! ಇಲ್ಲಿ ಮೀನು ಏನೂ ಮಾಡ್ತಿಲ್ಲ. ಅದು ಹೇಗಿದೆ ಅಂತ ಹೇಳ್ತಿದ್ದೀವಿ, ಹಾಗಾಗಿ ಅಡ್ಜೆಕ್ಟಿವ್ ಬೇಕು: ‘ಸ್ಮೆಲ್ಸ್ ಬ್ಯಾಡ್’. ಒಂದು ವರ್ಬ್ ಲಿಂಕಿಂಗ್ ಹೌದೋ ಅಲ್ಲವೋ ತಿಳಿಯೋಕೆ ಅದನ್ನ ತೆಗೆದು ಈಸ್ ಅಥವಾ ವಾಸ್ ಇಟ್ಟು ನೋಡಿ. ‘ದ ಸಾರು ಟೇಸ್ಟ್ಸ್ ಸಾಲ್ಟಿ’ ಬದಲು ‘ಈಸ್ ಸಾಲ್ಟಿ’ ನಿಲ್ಲುತ್ತೆ, ಲಿಂಕಿಂಗ್. ‘ಅಮ್ಮ ಟೇಸ್ಟೆಡ್ ದ ಸಾರು’ದಲ್ಲಿ ವಾಸ್ ಇಟ್ಟರೆ ಅಮ್ಮನೇ ಸಾರಾಗ್ತಾಳೆ, ಅದು ಆಕ್ಷನ್ ವರ್ಬ್. ಲುಕ್, ಫೀಲ್, ಅಪಿಯರ್‌ಗೂ ಇದೇ ಪರೀಕ್ಷೆ: ‘ದ ಬೋಟ್ ಅಪಿಯರ್ಡ್ ಎಂಪ್ಟಿ’ ಲಿಂಕಿಂಗ್, ‘ಅಪಿಯರ್ಡ್ ಸಡನ್ಲಿ’ ಅಲ್ಲ.

ಉತ್ತರ (ಕುಮಟಾ):
ಕನ್ನಡದ ‘ಆಯ್ತು’ ನೆನಪಿಸಿ. ಹಾಲು ಹುಳಿಯಾಯ್ತು, ‘ದ ಮಿಲ್ಕ್ ಟರ್ನ್ಡ್ ಸಾವರ್’. ಬಿಕಮ್, ಗ್ರೋ ಕೂಡ ಹೀಗೇ ಬರುತ್ತವೆ. ಆದರೆ ‘ಗ್ರೋಸ್ ಅರೆಕಾನಟ್’ ಅಂದರೆ ಅಡಿಕೆ ಬೆಳೆಯೋದು, ಅಲ್ಲಿ ಲಿಂಕ್ ಇಲ್ಲ.

ಉತ್ತರ (ಶಿರಸಿ):
ಈಸ್ ಕಂಡಲ್ಲೆಲ್ಲ ಲಿಂಕಿಂಗ್ ಅಂತ ಗುರುತು ಹಾಕಿಸಬೇಡಿ. ‘ದ ಬಸ್ ಈಸ್ ಲೇಟ್’ ಲಿಂಕಿಂಗ್, ‘ದ ಬಸ್ ಈಸ್ ಕಮಿಂಗ್’ನಲ್ಲಿ ಅದು ಹೆಲ್ಪಿಂಗ್, ಅಂದ್ರೆ ಮುಖ್ಯ ವರ್ಬ್ ಆದ ಕಮಿಂಗ್‌ಗೆ ನೆರವಾಗೋದು. ಇನ್ನೊಂದು, ‘ಅವನು ಮೇಷ್ಟ್ರು’ ಅನ್ನೋಕೆ ನಮಗೆ ಕ್ರಿಯಾಪದವೇ ಬೇಡ. ಅದಕ್ಕೇ ಮಕ್ಕಳು ‘ಹಿ ಟೀಚರ್’ ಅಂತ ಬರೆಯೋದು.