11-28 ತೆಗೆದು 11-34 ಹಾಕಿದೆ, ಈಗ ಸೈಕಲ್ಲೇ ಮುಂದೆ ಹೋಗ್ತಿಲ್ಲ

ಉಣಕಲ್ ಸವಾರ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ನನ್ನದು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್. ಗೇರ್ ಸೆಟ್ ಶಿಮಾನೊ 105, ಆರ್7000, 11 ಸ್ಪೀಡ್. ಮುಂದೆ 50-34, ಅಂದರೆ 50 ಮತ್ತು 34 ಹಲ್ಲಿನ ಎರಡು ಚಕ್ರ. ಹಿಂದಿನ ಹಲ್ಲುಚಕ್ರಗಳ ಗೊಂಚಲು (ಕ್ಯಾಸೆಟ್) 11-28, ಅಂದರೆ ಚಿಕ್ಕದಕ್ಕೆ 11 ಹಲ್ಲು, ದೊಡ್ಡದಕ್ಕೆ 28. ತೂಕ 84 ಕಿಲೋ, ಸೈಕಲ್ಲಿನದಲ್ಲ, ನನ್ನದು. ಗದಗ ರಸ್ತೆಯಲ್ಲಿ ಅಣ್ಣಿಗೇರಿ ತನಕ ಆರಾಮಾಗಿ ಹೋಗಿ ಬರ್ತೀನಿ. ಆದರೆ ನೃಪತುಂಗ ಬೆಟ್ಟದ ಏರಿನಲ್ಲಿ ಪ್ರತಿ ಸಲ ಕಾಲು ಕೆಳಗೆ ಇಡಲೇಬೇಕು. ಹೋದ ತಿಂಗಳು ವಾಕಿಂಗ್ ಬಂದ ಅಜ್ಜ ಒಬ್ಬರು ನಿಂತು ನೋಡಿ, "ತಮ್ಮಾ, ಇಳಿದು ನೂಕ್ಕೊಂಡು ಹೋಗು, ನಾಚಿಕಿ ಏನೈತಿ ಅದರಾಗ" ಅಂದರು. ಅವತ್ತೇ ತೀರ್ಮಾನ ಮಾಡಿದೆ, ಹಿಂದೆ ದೊಡ್ಡ ಕ್ಯಾಸೆಟ್ ಹಾಕಲೇಬೇಕು ಅಂತ.

ಎಚ್‌ಜಿ700, 11-34 ಕ್ಯಾಸೆಟ್ ತರಿಸಿದೆ. ವಿಡಿಯೋ ನೋಡಿದೆ, ಚೈನ್ ವಿಪ್ ತಂದೆ, ಲಾಕ್‌ರಿಂಗ್ ಟೂಲ್ ತಂದೆ. ಹಳೆಯದು ಬಿಚ್ಚಿ ಹೊಸದು ಕೂರಿಸೋಕೆ ಇಪ್ಪತ್ತೇ ನಿಮಿಷ. ಮನೆಯವಳ ಮುಂದೆ ಮೀಸೆ ಬೇರೆ ತಿರುವಿದೆ.

ಕಥೆ ಶುರುವಾಗಿದ್ದು ಆಮೇಲೆ. ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಕೈಯಲ್ಲಿ ಹಿಡಿದರೆ ಲೊಡಲೊಡ ಅಂತ ಅಲ್ಲಾಡುತ್ತೆ. ಇರಲಿ ಬಿಡು, ಓಡಿಸಿದರೆ ಕೂರುತ್ತೆ ಅಂದುಕೊಂಡು (ಗೊತ್ತು, ಗೊತ್ತು) ಗೇರ್ ಹೊಂದಿಸೋಕೆ ಹೋದೆ. ಮುಂದೆ ದೊಡ್ಡದು, ಹಿಂದೆ 34 ಹಾಕಿ ಪೆಡಲ್ ಕೈಯಲ್ಲಿ ತಿರುಗಿಸಿದೆ. ಬಿಗಿ ಆಯಿತು. ಹೊಸದಲ್ವಾ ಅಂತ ಇನ್ನೂ ಜೋರಾಗಿ ತಳ್ಳಿದೆ. ಕಟ್ ಅಂತ ಸಪ್ಪಳ. ಆಗಿನಿಂದ ಯಾವ ಗೇರೂ ಸರಿಯಾಗಿ ಕೂರ್ತಿಲ್ಲ, ಒಂದು ಸರಿ ಮಾಡಿದರೆ ಇನ್ನೊಂದು ಕಟಕಟ. ಡಿರೇಲರನ್ನು (ಚೈನ್ ಸರಿಸಿ ಗೇರ್ ಬದಲಿಸೋ ಭಾಗ) ಹಲ್ಲಿನಿಂದ ದೂರ ಇಡೋ ಬಿ-ಸ್ಕ್ರೂ ಪೂರ್ತಿ ಒಳಗೆ ಹೋಗಿದೆ, ಆದರೂ ಅದರ ಮೇಲಿನ ಪುಲ್ಲಿ (ಚೈನ್ ಹಾಯೋ ಪುಟ್ಟ ಚಕ್ರ) 34ರ ಹಲ್ಲಿಗೆ ಉಜ್ಜುತ್ತೆ.

ಚೈನ್ ಹಳೆಯದೇ, ಎಣಿಸಿದೆ, 106 ಲಿಂಕ್. ಸುಮ್ನೆ 11-28 ವಾಪಸ್ ಹಾಕಿ, ಹೊಸ ಚೈನ್ ಒಂದು ತಂದು ಕೈ ತೊಳೆದುಕೊಳ್ಳಲಾ?

ಗದಗಿನ ಗಾಳಿ

ಅಣ್ಣಾ, ಮೊದಲು ಸೈಕಲ್ ಓಡಿಸೋದು ನಿಲ್ಲಿಸಿ. ಆ ಕಟ್ ಅಂದಿದ್ದು ಬಹುಶಃ ಹ್ಯಾಂಗರ್, ಡಿರೇಲರನ್ನು ಫ್ರೇಮಿಗೆ ಹಿಡಿದಿರೋ ಲೋಹದ ತುಂಡು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಎರಡು ಪುಲ್ಲಿ ಮತ್ತು ಮೇಲಿನ ಹಲ್ಲು ಒಂದೇ ಗೆರೆಯಲ್ಲಿ ಇವೆಯಾ? ಡಿರೇಲರ್‌ನ ಕೆಳಭಾಗ ಚಕ್ರದ ಕಡೆ ವಾಲಿದ್ದರೆ ಬಗ್ಗಿದೆ ಅಂತಲೇ ಅರ್ಥ. ಅದೇ ಸ್ಥಿತಿಯಲ್ಲಿ ಏರಿನಲ್ಲಿ 34ಕ್ಕೆ ಹಾಕಿದರೆ ಡಿರೇಲರ್ ಕಡ್ಡಿಯೊಳಗೆ ಸಿಕ್ಕಿ, ಡಿರೇಲರ್ ಚಕ್ರ ಎರಡೂ ಹೋಗ್ತವೆ.

ಅಲ್ಲಾಡೋದಕ್ಕೆ ಕಾರಣ ಸುಲಭ. ಆ 11-34 ಕ್ಯಾಸೆಟ್ ಹಳೆಯ 8-9-10 ಸ್ಪೀಡ್ ಹಬ್‌ಗೆ (ಕ್ಯಾಸೆಟ್ ಕೂರೋ ಚಕ್ರದ ನಡುಭಾಗ) ನೇರವಾಗಿ ಕೂರುತ್ತೆ. ನಿಮ್ಮದು 11 ಸ್ಪೀಡ್ ರೋಡ್ ಹಬ್, ಅದು ಸ್ವಲ್ಪ ಅಗಲ. ಅದಕ್ಕೇ ಕ್ಯಾಸೆಟ್ ಹಿಂದೆ 1.85 ಮಿ.ಮೀ. ಸ್ಪೇಸರ್ ಹಾಕಬೇಕು. ಹಾಕದಿದ್ದರೆ ಲಾಕ್‌ರಿಂಗ್ ಹೋಗಿ ಹಬ್‌ಗೆ ತಾಗಿ ನಿಲ್ಲುತ್ತೆ, ಕ್ಯಾಸೆಟ್ ಮೇಲೆ ಒತ್ತಡವೇ ಬೀಳಲ್ಲ. ಡಬ್ಬದೊಳಗೆ ತೆಳ್ಳನೆ ರಿಂಗ್ ಒಂದು ಇತ್ತಾ ನೋಡಿ. ವಾಷರ್ ಜಾಸ್ತಿ ಬಂದಿದೆ ಅಂತ ನಾನೂ ಒಮ್ಮೆ ಮೊಳೆ ಡಬ್ಬಿಗೆ ಎಸೆದಿದ್ದೆ.

ಇನ್ನು ದೊಡ್ಡ ತೊಂದರೆ. ಬಿ-ಸ್ಕ್ರೂ ಪೂರ್ತಿ ಒಳಗೆ ಹೋದರೂ ಉಜ್ಜುತ್ತೆ ಅಂದರೆ ನಿಮ್ಮದು ಎಸ್‌ಎಸ್, ಚಿಕ್ಕ ಕೇಜಿನ (ಪುಲ್ಲಿಗಳನ್ನು ಹಿಡಿದಿರೋ ತೋಳು) ಡಿರೇಲರ್. ಅದಕ್ಕೆ ಕಂಪನಿ ಹೇಳೋದು ಹೆಚ್ಚೆಂದರೆ 30 ಹಲ್ಲು. ಇನ್ನೊಂದು ಲೆಕ್ಕವೂ ಇದೆ, ಡಿರೇಲರ್ ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯುತ್ತೆ ಅನ್ನೋದು. ಮುಂದಿನ ವ್ಯತ್ಯಾಸ 50-34, ಅಂದರೆ 16. ಹಿಂದಿನದು 34-11, ಅಂದರೆ 23. ಕೂಡಿದರೆ 39. ಎಸ್‌ಎಸ್ ತಡೆಯೋದು 35 ಮಾತ್ರ, ಅದಕ್ಕಿಂತ ಉದ್ದ ಕೇಜಿನ ಜಿಎಸ್ ಆದರೆ 39. ಚೈನ್ ಉದ್ದ ಮಾಡಿದರೆ ಚಿಕ್ಕದು-ಚಿಕ್ಕದರಲ್ಲಿ (ಮುಂದೆಯೂ ಹಿಂದೆಯೂ ಚಿಕ್ಕ ಚಕ್ರ) ಜೋತು ಬೀಳುತ್ತೆ, ಗಿಡ್ಡ ಮಾಡಿದರೆ ದೊಡ್ಡದು-ದೊಡ್ಡದರಲ್ಲಿ ನಿಮಗೆ ಆಗಿದ್ದೇ ಆಗುತ್ತೆ. 106 ಲಿಂಕ್ 11-28ಕ್ಕೆ ಕತ್ತರಿಸಿದ ಅಳತೆ, 34ಕ್ಕೆ 110ರ ಹತ್ತಿರ ಬೇಕು.

ಈಗ ದಾರಿ ಎರಡು. ಜಿಎಸ್ ಡಿರೇಲರ್ ಮತ್ತು ಹೊಸ ಚೈನ್ ತಗೊಂಡು 11-34 ಇಟ್ಟುಕೊಳ್ಳಿ. ಇಲ್ಲಾ 11-30 ಹಾಕಿ. 16 ಮತ್ತು 19, ಸರಿಯಾಗಿ 35, ಈಗಿರೋ ಡಿರೇಲರ್ರೇ ಸಾಕು.

ಪೇಡೆ ಪೆಡಲ್ (ಧಾರವಾಡ)

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಬಂದಿದ್ದು ನಿಮ್ಮ ಕೊನೆಯ ಸಾಲಿಗೆ. ಹಳೆ ಕ್ಯಾಸೆಟ್, ಹೊಸ ಚೈನ್ ಅಂದಿರಲ್ಲ, ಅಳೆದು ನೋಡದೆ ಹಾಗೆ ಮಾಡಬೇಡಿ. ನಾನು ಮಾಡಿದ್ದೆ. ಸಾಧನಕೇರಿ ಹತ್ತಿರ ಸಿಗ್ನಲ್ ಬಿಟ್ಟ ತಕ್ಷಣ ಎದ್ದು ನಿಂತು ತುಳಿದೆ, ಚೈನ್ ಹಲ್ಲು ಹಾರಿತು, ಎದೆ ಹೋಗಿ ಹ್ಯಾಂಡಲ್‌ಗೆ ಬಡಿಯಿತು. ಹಿಂದೆ ಚಿಗರಿ ಬಸ್ ಇರಲಿಲ್ಲ, ಪುಣ್ಯ. ಸವೆದ ಚೈನ್ ತನ್ನ ಜೊತೆಗೆ ಹಲ್ಲನ್ನೂ ಸವೆಸಿರುತ್ತೆ. ಹಳೆಯದಕ್ಕೆ ಹಳೆಯದು ಹೊಂದಿಕೊಂಡು ಓಡ್ತಾ ಇರುತ್ತೆ, ಅತ್ತೆ ಸೊಸೆ ಹಾಗೆ. ಹೊಸ ಚೈನ್ ಬಂದಾಗ ನೀವು ಜಾಸ್ತಿ ಬಳಸಿದ ಹಲ್ಲುಗಳ ಮೇಲೆ, ನನಗೆ 15 ಮತ್ತು 17, ಕೂರೋದೇ ಇಲ್ಲ.

ಅಳೆಯೋಕೆ ಟೂಲ್ ಇಲ್ಲದಿದ್ದರೆ ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ 24 ಲಿಂಕ್ ಸರಿಯಾಗಿ 12 ಇಂಚು. ಒಂದು ಪಿನ್ ಮೇಲೆ ಸೊನ್ನೆ ಇಟ್ಟು ನೋಡಿ. 12 ಇಂಚಿನ ಗೆರೆಯಿಂದ ಪಿನ್ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ದಾಟುವ ಮೊದಲೇ, ಅರ್ಧ ನೂಲಿನಷ್ಟು ಹೊರಗೆ ಬಂದಾಗಲೇ, 11 ಸ್ಪೀಡ್ ಚೈನ್ ಬದಲಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಎರಿ ಮಣ್ಣು ಎಣ್ಣೆ ಜೊತೆ ಸೇರಿ ಅರೆಯೋ ಕಲ್ಲಾಗುತ್ತೆ. ಒರೆಸದೆ ಮೇಲಿಂದ ಮೇಲೆ ಎಣ್ಣೆ ಬಿಡೋದೇ ದೊಡ್ಡ ತಪ್ಪು.

ಇನ್ನೊಂದು. ಜಿಎಸ್ ತಗೊಳ್ಳೋದಾದರೆ 11 ಸ್ಪೀಡ್ ರೋಡ್ ಡಿರೇಲರ್ರೇ ತಗೊಳ್ಳಿ. ನನ್ನ ಹಳೆ 10 ಸ್ಪೀಡ್ ರೋಡ್ ಬೈಕಿಗೆ ಉದ್ದ ಕೇಜ್ ಬೇಕು ಅಂತ 10 ಸ್ಪೀಡ್ ಎಂಟಿಬಿ (ಮೌಂಟನ್ ಬೈಕ್) ಡಿರೇಲರ್ ಅಗ್ಗಕ್ಕೆ ತಂದೆ. ಎರಡೂ ಶಿಮಾನೊ, ಎರಡೂ 10. ಒಂದು ಭಾನುವಾರ ಪೂರ್ತಿ ಅದರ ಮುಂದೆ ಕೂತೆ, ಗೇರ್ ಹೊಂದಲೇ ಇಲ್ಲ. ಒಂದೇ ಕ್ಲಿಕ್ಕಿಗೆ ರೋಡ್ ಡಿರೇಲರ್ ಸರಿಯೋ ದೂರ ಬೇರೆ, ಎಂಟಿಬಿಯದು ಬೇರೆ. ತಗೊಂಡ ಅಂಗಡಿಯವರು ವಾಪಸ್ ಇಟ್ಟುಕೊಳ್ಳಲಿಲ್ಲ. ಅವರದೇನು ತಪ್ಪು ಬಿಡಿ, ಕೇಳದೆ ತಂದವನು ನಾನು.

ಏಲಕ್ಕಿ ಎಕ್ಸ್‌ಪ್ರೆಸ್ (ಹಾವೇರಿ)

ಎಲ್ಲರೂ ಹಣ ಖರ್ಚು ಮಾಡಿಸೋಕೆ ಕೂತಿದ್ದೀರಿ ನೋಡಿ 😀

ಸರ್, ನೀವು ವಾರಕ್ಕೆ ಎಷ್ಟು ಸಲ ಬೆಟ್ಟ ಹತ್ತುತ್ತೀರಿ? ಉಳಿದ ದಿನ ಗದಗ ರಸ್ತೆಯ ಬಯಲೇ ಅಲ್ವಾ? ಆಷಾಢದಲ್ಲಿ ಹೋಗುವಾಗ ಗಾಳಿ ಬೆನ್ನಿಗೆ, ವಾಪಸ್ ಬರುವಾಗ ಎದೆಗೆ. ಅಲ್ಲಿ ಗೇರುಗಳ ನಡುವಿನ ಅಂತರ ಮುಖ್ಯ. 11-28ರಲ್ಲಿ 11-12-13-14-15 ಅಂತ ಒಂದೊಂದೇ ಹಲ್ಲು. ಆ 11-34ರಲ್ಲಿ 11-13-15-17, ಮಧ್ಯದ 12, 14 ಇಲ್ಲವೇ ಇಲ್ಲ. ಗಾಳಿಯಲ್ಲಿ ಒಂದು ಗೇರ್ ಭಾರ, ಮುಂದಿನದು ತೀರಾ ಹಗುರ. ನಾನು ಆರು ತಿಂಗಳು ಅದರಲ್ಲೇ ಒದ್ದಾಡಿ ತೆಗೆದೆ. 11-30ರಲ್ಲಿ ಆ 12, 14 ಎರಡೂ ಇರುತ್ತವೆ.

ಬೆಟ್ಟದ ಲೆಕ್ಕವನ್ನೂ ನೋಡಿ. ಮುಂದೆ 34, ನಿಮಿಷಕ್ಕೆ 70 ಸುತ್ತು ತುಳಿದರೆ, ಹಿಂದೆ 28ರಲ್ಲಿ ಗಂಟೆಗೆ ಸುಮಾರು 10.7 ಕಿ.ಮೀ., 30ರಲ್ಲಿ 10, 34ರಲ್ಲಿ 8.8. ಅದಕ್ಕಿಂತ ನಿಧಾನ ಹೋದರೆ ಕಾಲು ಭಾರ ಆಗ್ತಾ ಬರುತ್ತೆ. 84 ಕಿಲೋಗೆ 34 ಬೇಕೇ ಬೇಕು ಅನ್ನಿಸಿದರೆ ಹಾಕಿ, ತಪ್ಪಿಲ್ಲ. ಆದರೆ ಅಜ್ಜನ ಮಾತಿಗೆ ಹಾಕಬೇಡಿ.

ಉಣಕಲ್ ಸವಾರ (ಹುಬ್ಬಳ್ಳಿ)

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನದ ಮೇಲೆ ಬರೀತಿದ್ದೀನಿ.

ಸ್ಪೇಸರ್ ಡಬ್ಬದಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಕೆಳಗೆ. ಮಗ ಅದನ್ನು ಬೆರಳಿಗೆ ಹಾಕಿಕೊಂಡು ತಿರುಗಿಸ್ತಾ ಕೂತಿದ್ದ. ಹ್ಯಾಂಗರ್ ಬಗ್ಗಿದ್ದು ನಿಜ. ಕೊಪ್ಪಿಕರ್ ರಸ್ತೆ ಕಡೆಯ ಮೆಕ್ಯಾನಿಕ್ ಕಾಕಾ ಉದ್ದನೆ ಗೇಜ್ ಇಟ್ಟು, ರಿಮ್ಮಿನ ನಾಲ್ಕೂ ಕಡೆ ನೋಡಿ, ಐದು ನಿಮಿಷದಲ್ಲಿ ನೇರ ಮಾಡಿದರು. "ಇನ್ನೊಮ್ಮೆ ಬಗ್ಗಿಸಿದರೆ ಮುರೀತದ, ಹೊಸದೊಂದು ತರಿಸಿ ಇಟ್ಕೋರಿ" ಅಂದರು. ಫ್ರೇಮಿಗೊಂದು ಥರ ಹ್ಯಾಂಗರ್ ಅಂತೆ, ನಂಬರ್ ಬರೆಸಿಕೊಂಡು ಬಂದೆ. ಚೈನ್ ಅಳೆದೆವು. ನೂಲು ದಾಟಿ ಬಹಳ ಮುಂದೆ ಹೋಗಿದೆ, ಕಾಕಾ ಸ್ಕೇಲ್ ನೋಡಿ ನಕ್ಕರು ಅಷ್ಟೇ.

11-30 ಮತ್ತು ಹೊಸ ಚೈನ್ ಹಾಕಿಸಿದೆ. ಈ ಸಲ ಚೈನ್ ಕತ್ತರಿಸೋ ಮೊದಲು ಡಿರೇಲರ್‌ನಲ್ಲಿ ಹಾಯಿಸದೆ ದೊಡ್ಡದು-ದೊಡ್ಡದರ ಮೇಲೆ ಸುತ್ತಿ, ಎರಡು ಲಿಂಕ್ ಜಾಸ್ತಿ ಬಿಟ್ಟು, ಎರಡು ಸಲ ಎಣಿಸಿದೆವು. ನಿನ್ನೆ ಬೆಳಗ್ಗೆ ನೃಪತುಂಗ ಬೆಟ್ಟ. ಕಾಲು ಇಡಲಿಲ್ಲ, ಆದರೆ ಮೇಲೆ ಹೋದಮೇಲೆ ಹತ್ತು ನಿಮಿಷ ಮಾತು ಹೊರಡಲಿಲ್ಲ. ಅಜ್ಜ ಬಂದಿರಲಿಲ್ಲ, ಅದೇ ಬೇಜಾರು.

11-34 ಹಾಗೇ ಇದೆ, ರಸ್ತೆಯಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಲ್ಲ. ಯಾರಿಗಾದರೂ ಬೇಕಾ?

ಗದಗಿನ ಗಾಳಿ

ನನಗೆ ಬೇಕು ಅಣ್ಣಾ, ನನ್ನದು ಜಿಎಸ್. ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಬೇಕು ಅಂತ ಇದೆ. ಭಾನುವಾರ ಅಣ್ಣಿಗೇರಿಗೆ ಬನ್ನಿ, ನಾನು ಈ ಕಡೆಯಿಂದ ಬರ್ತೀನಿ. ಗಿರ್ಮಿಟ್ ನಂದು. ಸ್ಪೇಸರ್ ಮರೀಬೇಡಿ.