ಎಂಟಿಆರ್ ಸೂಚನೆಯಲ್ಲಿ 'ಹಾಪ್'ಗೆ ಕನ್ನಡದಲ್ಲಿ ಏನು? ನಾಳೆ ಸಂಜೆಯೊಳಗೆ ಬೇಕು

ಮಂಡ್ಯ (ಪ್ರಶ್ನೆ ಕೇಳುತ್ತಿರುವವರು):

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ವರ್ ಕೋಣೆಯ ಗೋಡೆಗೆ ಹಾಕಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ, ನೆಟ್‌ವರ್ಕಿನ ದಾರಿ ಪರೀಕ್ಷಿಸುವ ಎಂಟಿಆರ್ ಅನ್ನುವ ಪ್ರೋಗ್ರಾಂ ಬಳಸುವುದು ಹೇಗೆ ಎಂದು. ನಾಳೆ ಸಂಜೆ ಲ್ಯಾಮಿನೇಷನ್‌ಗೆ ಕೊಡಬೇಕು. ರಾತ್ರಿ ಪಾಳಿಯ ಹುಡುಗರು ಕೆಲಸದಲ್ಲಿ ಚುರುಕು. ಆದರೆ ಸರ್ವರ್ ಸಿಗದೆ ಹೋದಾಗ ಫೋನಿನಲ್ಲಿ ಬರುವುದು ಒಂದೇ ಮಾತು: 'ನೆಟ್ ಇಲ್ಲ ಸಾರ್.' ಎಲ್ಲಿಂದ ಇಲ್ಲ, ಯಾವ ಥರ ಇಲ್ಲ ಅನ್ನುವುದು ಬೇಕಲ್ವಾ? ಅದನ್ನು ಹೇಳೋದಕ್ಕೆ ನಾವು ಅವರಿಗೆ ಪದವನ್ನೇ ಕೊಟ್ಟಿಲ್ಲ. ಇಂಗ್ಲಿಷ್ ಸೂಚನೆ ಈಗಲೂ ಗೋಡೆ ಮೇಲಿದೆ. ಯಾರೂ ಓದುವುದಿಲ್ಲ.

ಎಂಟಿಆರ್ ಬಳಸದವರಿಗಾಗಿ ಎರಡು ಮಾತು. ಕಮಾಂಡ್ ಸಾಲಿನಲ್ಲಿ ಅದರ ಹೆಸರು ಬರೆದು ಮುಂದೆ ಸರ್ವರ್ ವಿಳಾಸ ಕೊಟ್ಟರೆ, ಇಲ್ಲಿಂದ ಅಲ್ಲಿಯ ತನಕ ಸಿಗುವ ಒಂದೊಂದು ರೂಟರ್‌ಗೂ, ಅಂದರೆ ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಯಂತ್ರಕ್ಕೂ, ಒಂದೊಂದು ಸಾಲು ತೋರಿಸುತ್ತದೆ. ಮಾಹಿತಿ ಹೋಗುವುದು ಪ್ಯಾಕೆಟ್ ಅನ್ನುವ ಚಿಕ್ಕ ಚಿಕ್ಕ ತುಂಡುಗಳಾಗಿ. ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಅನ್ನುವ ಒಂದು ಅಂಕಿ ಇರುತ್ತದೆ. ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು, ಕಳಿಸಿದವರಿಗೆ 'ಇಲ್ಲಿಗೆ ಮುಗೀತು' ಎಂದು ಸುದ್ದಿ ಮುಟ್ಟಿಸುತ್ತದೆ. ಎಂಟಿಆರ್ ಬೇಕೆಂದೇ ಮೊದಲು 1 ಎಂದು ಹಾಕಿ ಕಳಿಸುತ್ತದೆ. ಆಮೇಲೆ 2, ಆಮೇಲೆ 3. ಸುದ್ದಿ ಯಾರಿಂದ ಬಂತು ಎಂದು ಬರೆದುಕೊಳ್ಳುತ್ತಾ ಹೋದರೆ ದಾರಿ ಗೊತ್ತಾಗುತ್ತದೆ. ಟ್ರೇಸ್‌ರೂಟ್ ಅನ್ನುವ ಇನ್ನೊಂದು ಪ್ರೋಗ್ರಾಂ ಇದನ್ನು ಒಂದು ಸುತ್ತು ಮಾಡಿ ನಿಲ್ಲುತ್ತದೆ. ಎಂಟಿಆರ್ ಬಿಡದೆ ಮಾಡುತ್ತದೆ, ಸಾಲಿಗಿಷ್ಟು ಲಾಸ್, ಇಷ್ಟು ಮಿಲಿಸೆಕೆಂಡು ಎಂದು ಲೆಕ್ಕ ಕೊಡುತ್ತದೆ.

ಈಗ ಪದಗಳು. ಆ ಒಂದೊಂದು ಸಾಲು, ಅಂದರೆ 'ಹಾಪ್'. 'ಲಾಸ್' ಅನ್ನುವ ಕಾಲಂ. ಆಮೇಲೆ ಪೋರ್ಟ್ (ಸರ್ವರಿನಲ್ಲಿ ಒಂದೊಂದು ಸೇವೆಗೂ ಇರುವ ಬಾಗಿಲಿನ ನಂಬರ್) ತೆರೆದಿದೆಯಾ ಎಂದು ನೋಡುವಾಗ ಬರುವ ಮೂರು ಉತ್ತರ: ಕನೆಕ್ಷನ್ ರೆಫ್ಯೂಸ್ಡ್, ಕನೆಕ್ಷನ್ ಟೈಮ್ಡ್ ಔಟ್, ನೋ ರೂಟ್ ಟು ಹೋಸ್ಟ್. ಮೂರಕ್ಕೂ 'ಸಂಪರ್ಕ ವಿಫಲ' ಎಂದು ಬರೆದು ಕೈ ತೊಳೆದುಕೊಳ್ಳುವ ಅನುವಾದ ನನಗೆ ಬೇಡ. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಕುವೆಂಪುನಗರ, ಮೈಸೂರು:

ಹಾಪ್ ಅಂದರೆ ನೆಗೆತ. ಇದರಲ್ಲಿ ಚರ್ಚೆಗೆ ಏನಿದೆ? ಕುಣಿತ, ಇರಿತ, ಕಡಿತ ಇದ್ದ ಹಾಗೆ ನೆಗೆತ. ಅಚ್ಚಗನ್ನಡ ಬೇರು ಇರುವಾಗ ಬೇರೆ ಕಡೆ ಕೈಚಾಚುವುದು ಬೇಡ. 'ವಿಫಲ', 'ಪ್ರತಿಕ್ರಿಯೆ', 'ನಿರಾಕರಣ' ಇವನ್ನೆಲ್ಲ ರಾತ್ರಿ ಪಾಳಿಯವರ ತಲೆ ಮೇಲೆ ಹೇರಬೇಡಿ.

ಮಂಡ್ಯ:

ಧನ್ಯವಾದ ಸಾರ್. 'ಐದನೇ ನೆಗೆತದಲ್ಲಿ ನಿಂತಿದೆ' ಎಂದು ಬರೆದು ಇಲ್ಲೊಬ್ಬರಿಗೆ ಓದಿಸಿದೆ. ನೆಗೆಯುತ್ತಿರುವಾಗ ನಿಲ್ಲೋದು ಹೇಗೆ ಎಂದು ಕೇಳಿದರು. ಅವರ ಮಾತು ಸರಿ. ಆ ಸಾಲು ತೋರಿಸುವುದು ಒಂದು ಯಂತ್ರವನ್ನು, ಅದರ ವಿಳಾಸದ ಸಮೇತ. ಹಾರುವ ಕ್ರಿಯೆಯನ್ನಲ್ಲ.

ಶ್ರೀರಂಗಪಟ್ಟಣ:

ಮಜಲು ಎಂದು ಬರೆಯಿರಿ. 'ಐದನೇ ಮಜಲಿನಲ್ಲಿ ನಿಂತಿದೆ.' ಓದಿದ ತಕ್ಷಣ ತಿಳಿಯುತ್ತದೆ. ಹಳಬರಿಗೆ ಮಜಲು ಅಂದರೆ ಪಯಣದ ಒಂದು ಹಂತ, ಆ ಹಂತ ಮುಗಿದು ತಂಗುವ ಜಾಗವೂ ಹೌದು. ಹಾಪ್ ಅನ್ನುವ ಪದವನ್ನು ಬಳಸುವವರೂ ಎರಡು ರೂಟರ್ ನಡುವಿನ ದಾಟನ್ನು ಹಾಪ್ ಅನ್ನುತ್ತಾರೆ, ದಾಟಿ ಮುಟ್ಟಿದ ರೂಟರನ್ನೂ ಹಾಪ್ ಅನ್ನುತ್ತಾರೆ. ಆ ಎರಡು ಅರ್ಥವನ್ನೂ ಹೊರುವ ಪದ ನಮ್ಮಲ್ಲಿ ರೆಡಿ ಇದೆ. ಹೊಸದಾಗಿ ಹೊಸೆಯುವುದು ಏಕೆ?

ಕುವೆಂಪುನಗರ, ಮೈಸೂರು:

ಮಜಲು ಕನ್ನಡವಲ್ಲ. ಅರಬ್ಬಿಯ ಮಂಜಿಲ್, ಮರಾಠಿಯ ಮಜಲ್ ಆಗಿ ನಮ್ಮ ಕಡೆ ಬಂದದ್ದು. ಇಂಗ್ಲಿಷ್ ಕಡವನ್ನು ಬಿಟ್ಟು ಅರಬ್ಬಿ ಕಡ ತಂದರೆ ಏನು ಗಳಿಸಿದ ಹಾಗಾಯಿತು?

ಬೋಗಾದಿ, ಮೈಸೂರು:

ಅಷ್ಟು ಬೇಗ ತೀರ್ಪು ಬೇಡ. ನಾನು ಪುತ್ತೂರು ಕಡೆಯವನು. ನಮ್ಮಲ್ಲಿ ಗದ್ದೆ ಮೂರು ಬಗೆ: ಬೈಲು, ಮಜಲು, ಬೆಟ್ಟು. ತಗ್ಗಿನದು ಬೈಲು, ಎತ್ತರದ್ದು ಬೆಟ್ಟು, ನಡುವಿನದು ಮಜಲು. ಇದು ಅರಬ್ಬಿಯಿಂದ ಬರಲು ಸಾಧ್ಯವೇ? ನಡುವಿನ ಗದ್ದೆಗಿದ್ದ ಹೆಸರೇ ದಾರಿ ನಡುವಿನ ತಂಗುದಾಣಕ್ಕೆ ಹೋಗಿದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಊರ ಹೆಸರುಗಳಲ್ಲೂ ಮನೆತನದ ಹೆಸರುಗಳಲ್ಲೂ ಮಜಲು ಇದೆ.

ಶ್ರೀರಂಗಪಟ್ಟಣ:

ಇಲ್ಲ. ಅವು ಎರಡು ಬೇರೆ ಪದ, ಉಚ್ಚಾರ ಮಾತ್ರ ಒಂದೇ. ಗದ್ದೆಯ ಮಜಲು ನಿಮ್ಮ ನೆಲದ್ದು, ಒಪ್ಪಿದೆ. ದಾರಿಯ ಮಜಲು ಅರಬ್ಬಿಯದ್ದೇ. ಅದನ್ನು ಬಳಸೋಣ ಎಂದು ಹೇಳಲು ಅದು ಕನ್ನಡದ್ದು ಎಂದು ಸಾಧಿಸಬೇಕಾಗಿಲ್ಲ.

ಯಾದವಗಿರಿ, ಮೈಸೂರು:

ಯಾರೂ ಅಂಚೆಯ ಮಾತು ಎತ್ತಲಿಲ್ಲವಲ್ಲ! ಮೈಸೂರಿನವರಿಗೆ ಇದು ಹೊಳೆಯಬೇಕಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆ ಕಟ್ಟಿದರು. ಓಟಗಾರರು ಒಬ್ಬರ ಕೈಯಿಂದ ಒಬ್ಬರ ಕೈಗೆ ಚೀಲ ದಾಟಿಸುತ್ತಿದ್ದರು. ಬ್ರಿಟಿಷರ ಅಂಚೆ ಜತೆ ಸೇರಿದ್ದು 1889ರಲ್ಲಿ. ಪ್ಯಾಕೆಟ್ ಹೋಗುವುದೂ ಹೀಗೆ ಕೈಯಿಂದ ಕೈಗೆ. ಒಂದೊಂದು ಹಾಪ್‌ಗೂ 'ಅಂಚೆ' ಅನ್ನಬಹುದು. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸ. ಸಂದೇಶ ಒಯ್ಯುವ ಹಂಸದಿಂದಲೇ ಟಪಾಲಿಗೆ ಆ ಹೆಸರು ಬಂತು.

ಕುವೆಂಪುನಗರ, ಮೈಸೂರು:

ಹಂಸದ ಕತೆ ಬಿಡಿ. ಹಕ್ಕಿಯ ಅಂಚೆ ಸಂಸ್ಕೃತದ ತದ್ಭವ. ಟಪಾಲಿನ ಅಂಚೆಯನ್ನು ತಮಿಳಿನ ಅಂಜಲ್ ಜತೆ ಇಟ್ಟು ನೋಡಿ. ಸುಮ್ನೆ ಚೆಂದ ಕಾಣುತ್ತದೆ ಎಂದು ಎರಡನ್ನೂ ಗಂಟು ಹಾಕುವುದು ನುಡಿಯರಿಮೆ ಅಲ್ಲ.

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು:

ನಾನು ಇದೇ ಕೆಲಸ ಮಾಡುವವಳು. ಹಾಪ್‌ಗೆ ಏನಾದರೂ ಇಡಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಅಪಾಯ ಇರುವುದು 'ಲಾಸ್'ನಲ್ಲಿ. ಅದನ್ನು 'ನಷ್ಟ' ಎಂದೋ 'ಕಳೆತ' ಎಂದೋ ಬರೆದರೆ ನಿಮ್ಮ ಹುಡುಗರು ತಪ್ಪು ಜಾಗಕ್ಕೆ ಬೆರಳು ತೋರಿಸುತ್ತಾರೆ.

ಇಂಥ ವರದಿ ದಿನಾ ಬರುತ್ತದೆ: 1ನೇ ಸಾಲು 0%, 2ನೇ ಸಾಲು 0%, 3ನೇ ಸಾಲು 70%, 4ರಿಂದ 8ರವರೆಗೆ 0%. ನೋಡಿದ ಕೂಡಲೇ 'ಮೂರನೆಯದು ಕೆಟ್ಟಿದೆ' ಅನ್ನಿಸುತ್ತದೆ. ಕೆಟ್ಟಿಲ್ಲ. ಬೇರೆಯವರ ಪ್ಯಾಕೆಟ್ ದಾಟಿಸುವುದು ರೂಟರಿನ ಮುಖ್ಯ ಕೆಲಸ. 'ಇಲ್ಲಿಗೆ ಮುಗೀತು' ಅನ್ನುವ ಸುದ್ದಿ ಕಳಿಸುವುದು ಅದಕ್ಕೆ ಕೊನೆಯ ಕೆಲಸ. ಹಾಗಾಗಿ ಸೆಕೆಂಡಿಗೆ ಇಷ್ಟೇ ಎಂದು ಮಿತಿ ಹಾಕಿಕೊಂಡಿರುತ್ತದೆ. ಆ ಮಿತಿ ದಾಟಿದರೆ ಸುಮ್ಮನಿರುತ್ತದೆ, ಪ್ಯಾಕೆಟ್ಟುಗಳನ್ನು ಮಾತ್ರ ಸರಿಯಾಗಿಯೇ ಮುಂದಕ್ಕೆ ಬಿಡುತ್ತದೆ. 3ನೇ ಸಾಲಿನಲ್ಲಿ ಶುರುವಾದ 70% ಕೊನೇ ಸಾಲಿನ ತನಕ ಹಾಗೇ ಇದ್ದರೆ, ಆಗ ಅನುಮಾನಿಸಿ. ಎಂಟಿಆರ್ ಎಣಿಸುವುದು ಬಾರದ ಜವಾಬನ್ನು. ನೀವು ಇಡುವ ಪದದಲ್ಲಿ ಅದು ಇರಬೇಕು.

ಮಂಡ್ಯ:

ಮೇಡಂ, ಇದು ನಮ್ಮ ಜಿಲ್ಲೆಯವರಿಗೆ ಹೇಳುವುದು ಸುಲಭ. ವಿಶ್ವೇಶ್ವರಯ್ಯ ನಾಲೆಯ ಮೂರನೇ ತೂಬಿನ ಹತ್ತಿರ ನೀರೆಲ್ಲ ಸೋರಿ ಹೋಗಿದ್ದರೆ, ಕೊನೇ ಗದ್ದೆಗೆ ಪೂರ್ತಿ ನೀರು ಬರುತ್ತದೆಯೇ? ಕೊನೆಗೆ ಪೂರ್ತಿ ಬಂದಿದೆ ಅಂದರೆ ನಡುವೆ ಸೋರಿಲ್ಲ. ಈ ಸಾಲನ್ನು ಸೂಚನೆಯಲ್ಲಿ ಹಾಗೇ ಹಾಕುತ್ತೇನೆ. ಆದರೆ ಕಾಲಂಗೆ ಪದ?

ಕುವೆಂಪುನಗರ, ಮೈಸೂರು:

ಓಗೊಡು. ಕೂಗಿದವರಿಗೆ 'ಓ' ಅನ್ನುವುದು. ಇದಕ್ಕಿಂತ ಕನ್ನಡ ಬೇಕೆ? ಕಾಲಂ ಮೇಲೆ 'ಓಗೊಡದ್ದು' ಎಂದು ಬರೆಯಿರಿ. 'ಜವಾಬು' ಬೇಡ, ಅದೂ ಅರಬ್ಬಿ.

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು:

ಓಗೊಡದ್ದು. ತುಂಬಾ ಚೆನ್ನಾಗಿದೆ ಸಾರ್. ಯಂತ್ರ ಜವಾಬು ಕೊಡುತ್ತದೆಯಾ ಎಂದು ನೋಡುವ ಪಿಂಗ್ ಪ್ರೋಗ್ರಾಂ ಕಳಿಸುವ ಪ್ಯಾಕೆಟ್ಟಿನ ಅಧಿಕೃತ ಹೆಸರೇ ಎಕೋ ರಿಕ್ವೆಸ್ಟ್, ಬರುವುದು ಎಕೋ ರಿಪ್ಲೈ. ಕರೆ ಮತ್ತು ಓಗೊಡುವುದು ಅದಕ್ಕೆ ಸರಿಯಾಗಿ ಕೂರುತ್ತದೆ.

ಮೂರು ಉತ್ತರಗಳಿಗೂ ಇದೇ ದಾರಿ ಹಿಡಿಯೋಣ. ರೆಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಆ ಯಂತ್ರ ಬದುಕಿದೆ, ನಮ್ಮ ಮಾತು ಅದಕ್ಕೆ ಮುಟ್ಟಿದೆ, ಆ ಪೋರ್ಟಿನಲ್ಲಿ ಯಾವ ಸೇವೆಯೂ ಓಡುತ್ತಿಲ್ಲ. ನೆಟ್‌ವರ್ಕ್ ಹುಡುಕುವುದು ಬಿಟ್ಟು ಸೇವೆ ನಿಂತಿದೆಯಾ ನೋಡಬೇಕು. ಇದಕ್ಕೆ 'ಒಲ್ಲೆ ಎಂದಿತು'. ಟೈಮ್ಡ್ ಔಟ್ ಅಂದರೆ ಏನೂ ಬರಲಿಲ್ಲ: ಫೈರ್‌ವಾಲ್ (ಬೇಡದ ಪ್ಯಾಕೆಟ್ ತಡೆಯುವ ಕಾವಲು) ಸದ್ದಿಲ್ಲದೆ ನುಂಗುತ್ತಿರಬಹುದು, ಯಂತ್ರ ಆಫ್ ಆಗಿರಬಹುದು, ದಾರಿ ಕಡಿದಿರಬಹುದು. ಇದು 'ಓಗೊಡಲಿಲ್ಲ'. ಎಂಟಿಆರ್ ಓಡಿಸಬೇಕಾದ್ದು ಮುಖ್ಯವಾಗಿ ಈಗ.

ಮೂರನೆಯದನ್ನು ದಯವಿಟ್ಟು 'ದಾರಿ ಇಲ್ಲ' ಮಾಡಬೇಡಿ. ನೋ ರೂಟ್ ಟು ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಇದ್ದರೂ ದಾರಿ ಇದ್ದಾಗಲೂ ಅದು ಬರುತ್ತದೆ. ಪಕ್ಕದ ರ‍್ಯಾಕಿನ ಯಂತ್ರ ಆಫ್ ಆಗಿದ್ದರೆ ಬರುತ್ತದೆ. ಕೆಲವು ಫೈರ್‌ವಾಲ್‌ಗಳು ತಡೆದಾಗಲೂ ಇದೇ ಸುದ್ದಿ ಬರುತ್ತದೆ. 'ಮುಟ್ಟಲಾಗದು' ಎಂದಷ್ಟೇ ಬರೆದರೆ ನಿಜ ಉಳಿಯುತ್ತದೆ. ಇನ್ನು ಪೋರ್ಟನ್ನು ಪೋರ್ಟ್ ಎಂದೇ ಬಿಡಿ. 'ಬಂದರು' ಎಂದು ಬರೆದದ್ದನ್ನು ನೋಡಿದ್ದೇನೆ.

ಶ್ರೀರಂಗಪಟ್ಟಣ:

ಬಂದರು ಕೂಡ ಪಾರ್ಸಿಯೇ. ಕುವೆಂಪುನಗರದವರು ಅದನ್ನು ಮಂಗಳೂರಿನಿಂದಲೂ ತೆಗೆಸುತ್ತಾರೋ?

ಕುವೆಂಪುನಗರ, ಮೈಸೂರು:

ನೆಲೆನಿಂತ ಪದ ಬೇರೆ, ಇವತ್ತು ನಾವೇ ಕೈಯಾರೆ ಆರಿಸುವ ಪದ ಬೇರೆ. ಆರಿಸುವ ಹೊತ್ತಿನಲ್ಲೂ ಕನ್ನಡದ ಬೇರಿಗೆ ಹೋಗದಿದ್ದರೆ ಇನ್ನು ಯಾವಾಗ ಹೋಗುವುದು? ಹೊಸ ಪದ ಕಟ್ಟುವ ಕಸುವನ್ನು ಬಳಸದೆ ಬಿಟ್ಟರೆ ಅದು ಒಣಗುತ್ತದೆ.

ಯಾದವಗಿರಿ, ಮೈಸೂರು:

1935ರಲ್ಲಿ ಇದೇ ಊರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಬಾನುಲಿ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ಹೊರಟು ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಅದು ಸಂಸ್ಕೃತ. ಬಾನುಲಿ ಅಚ್ಚಗನ್ನಡ. ಹೊಲದಲ್ಲಿ ಕೇಳುವವರು ರೇಡಿಯೋ ಅಂದರು. ಮೂರೂ ಬದುಕಿವೆ. ಒಂದು ಇನ್ನೊಂದನ್ನು ಕೊಂದಿಲ್ಲ.

ಕುವೆಂಪುನಗರ, ಮೈಸೂರು:

ಬಾನುಲಿ ಬದುಕಿರುವುದು ಬರಹದಲ್ಲಿ. ಬಾಯಲ್ಲಿ ಅಲ್ಲ. ನನ್ನ ಕಳವಳವೇ ಅದು.

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು:

ಪಿಂಗ್ ಅನ್ನುವುದೂ ಡಿಕ್ಷನರಿ ತೆರೆದು ಹುಡುಕಿದ್ದಲ್ಲ. 1983ರಲ್ಲಿ ಮೈಕ್ ಮೂಸ್ ಬರೆದ ಪ್ರೋಗ್ರಾಂ ಅದು. ನೀರಿನೊಳಗೆ ಸೋನಾರ್ ಮಾಡುವ ಸದ್ದನ್ನೇ ಹೆಸರಾಗಿಟ್ಟರು. ಕೇಳಿದ ತಕ್ಷಣ ಕೆಲಸ ಹೊಳೆಯುವ ಪದ ಉಳಿಯಿತು. ಹೊಳೆಯದ ಪದಕ್ಕೆ ಉದಾಹರಣೆ ಬೇಕಾದರೆ ಟಿಟಿಎಲ್ ನೋಡಿ. 1981ರ ಐಪಿ (ಇಂಟರ್ನೆಟ್ ಪ್ರೊಟೊಕಾಲ್) ನಿಯಮದಲ್ಲಿ ಅದನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳಿದ್ದರು, ಟೈಮ್ ಟು ಲಿವ್, 'ಬದುಕುವ ಸಮಯ' ಎಂದು. ಆದರೆ ಪ್ರತಿ ರೂಟರ್ ಕಡಿಮೆಯೆಂದರೂ ಒಂದು ಕಳೆಯಲೇಬೇಕಿತ್ತು. ಹಾಗಾಗಿ ಬಳಕೆಯಲ್ಲಿ ಅದು ರೂಟರುಗಳ ಎಣಿಕೆಯಾಯಿತು. ಐಪಿಯ ಹೊಸ ಆವೃತ್ತಿ ಐಪಿವಿ6 ಬರೆಯುವಾಗ ಹೆಸರನ್ನೇ 'ಹಾಪ್ ಲಿಮಿಟ್' ಎಂದು ತಿದ್ದಿದರು. ನೀವು ಟಿಟಿಎಲ್‌ಗೆ 'ಆಯಸ್ಸು' ಎಂದು ಬರೆಯಲು ಹೊರಟಿದ್ದರೆ ಬೇಡ. ಅವರೇ ಕೈಬಿಟ್ಟ ಅರ್ಥವನ್ನು ನಾವು ಹೊತ್ತುಕೊಳ್ಳಬೇಕಿಲ್ಲ. 'ಮಜಲು ಮಿತಿ' ಸಾಕು. ನನ್ನ ಮತ ಮಜಲಿಗೆ.

ಮಂಡ್ಯ:

ಹೊತ್ತಾಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಮಜಲು ಇಡುತ್ತಿದ್ದೇನೆ. ಹುಡುಗರು ಯಾರೂ ಅದರ ಅರ್ಥ ಕೇಳಲಿಲ್ಲ, ನನಗೆ ಅಷ್ಟು ಸಾಕು. ಓಗೊಡು ಕೂಡ ಇರುತ್ತದೆ. ಅದನ್ನು ಕೊಟ್ಟ ಕುವೆಂಪುನಗರದವರಿಗೆ ನಮಸ್ಕಾರ. ನಮ್ಮ ಹಳ್ಳಿಗಳಲ್ಲಿ 'ಕರೆದರೆ ಓ ಅನ್ನಲಿಲ್ಲ' ಅನ್ನುವುದು ಈಗಲೂ ದಿನದ ಮಾತೇ.

ಗೋಡೆಗೆ ಹೋಗುವುದು ಹೀಗಿದೆ:

ಮೊದಲು ಪೋರ್ಟ್ ನೋಡಿ. 'ಒಲ್ಲೆ ಎಂದಿತು' ಅಂದರೆ ಸರ್ವರ್ ಇದೆ, ಸೇವೆ ನಿಂತಿರಬಹುದು. ಸೇವೆ ನೋಡುವವರಿಗೆ ಹೇಳಿ. 'ಮುಟ್ಟಲಾಗದು' ಅಂದರೆ ಯಂತ್ರ ಆನ್ ಇದೆಯಾ, ಕೇಬಲ್ ಸರಿಯಾಗಿದೆಯಾ ನೋಡಿ. ಇದ್ದರೆ ಫೈರ್‌ವಾಲ್ ನೋಡುವವರಿಗೆ ಹೇಳಿ. 'ಓಗೊಡಲಿಲ್ಲ' ಅಂದರೆ ಎಂಟಿಆರ್ ವರದಿ ತೆಗೆಯಿರಿ, 100 ಸುತ್ತು. ಕೊನೇ ಮಜಲಿನ ಸಾಲನ್ನು ಮೊದಲು ಓದಿ. ಅಲ್ಲಿ ಓಗೊಡದ್ದು 0% ಇದ್ದರೆ ನಡುವಿನ ಮಜಲುಗಳ ಅಂಕಿ ಬಿಟ್ಟುಬಿಡಿ. ಕೊನೆಯಲ್ಲೂ ಜಾಸ್ತಿ ಇದ್ದರೆ ಮೇಲಕ್ಕೆ ಓದುತ್ತಾ ಹೋಗಿ, ಅದು ಯಾವ ಮಜಲಿನಿಂದ ಶುರುವಾಯಿತೋ ಆ ನಂಬರ್ ಹೇಳಿ ಫೋನ್ ಮಾಡಿ.

ಬೋಗಾದಿ, ಮೈಸೂರು:

ಒಳ್ಳೆಯದಾಯಿತು. ಮಜಲಿನ ಮೂಲದ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು:

ಎರಡು ಸಾಲು ಸೇರಿಸಿ. ಒಂದು: ಎಷ್ಟೋ ಸರ್ವರ್‌ಗಳು ಪಿಂಗ್‌ಗೆ ಓಗೊಡದ ಹಾಗೆ ಮಾಡಿಟ್ಟಿರುತ್ತಾರೆ. ಕೊನೇ ಮಜಲು ಪೂರ್ತಿ ಮೌನವಾಗಿದ್ದರೆ ಎಂಟಿಆರ್‌ಗೆ ಟಿಸಿಪಿ (ವೆಬ್‌ನಂಥ ಸೇವೆಗಳು ಬಳಸುವ ವಿಧಾನ) ಆಯ್ಕೆ ಕೊಟ್ಟು, ಸೇವೆ ಓಡುವ ಪೋರ್ಟಿಗೇ, ವೆಬ್ ಆದರೆ 443ಕ್ಕೆ, ಇನ್ನೊಮ್ಮೆ ನೋಡಬೇಕು. ಎರಡು: ಹೋದ ದಾರಿಯಲ್ಲೇ ವಾಪಸ್ ಬರಬೇಕೆಂದಿಲ್ಲ. ತೊಂದರೆ ಬರುವ ದಾರಿಯಲ್ಲಿದ್ದರೂ ವರದಿಯಲ್ಲಿ ಹೋಗುವ ದಾರಿಯ ಮಜಲುಗಳೇ ಕಾಣುತ್ತವೆ. ಆಚೆ ತುದಿಯಲ್ಲಿ ಯಾರಾದರೂ ಇದ್ದರೆ ಅವರ ಕೈಲೂ ಈ ಕಡೆಗೆ ಒಮ್ಮೆ ಓಡಿಸಿ, ಎರಡೂ ವರದಿ ಇಟ್ಟುಕೊಳ್ಳಲು ಹೇಳಿ.

ಮಂಡ್ಯ:

ಸೇರಿಸಿದೆ ಮೇಡಂ. ಅಕ್ಷರ ಸ್ವಲ್ಪ ಚಿಕ್ಕದಾಯಿತು, ಆದರೂ ಒಂದೇ ಪುಟದಲ್ಲಿ ಹಿಡಿಯಿತು. ಅಂಗಡಿಗೆ ಹೊರಟೆ.